ಪಂಚಮಿಗೆಂದು ಮಲಕವ್ವ ಕೂಡಿಸಿದ್ದು

ಟಿಕೋಟಾದ ಮಲಕವ್ವನಿಗೆ ಒಂದು ಪಂಚಮಿ ಮುಗಿದ ಮರುದಿನವೇ ಮುಂದಿನ ಪಂಚಮಿಯ ಚಿಂತೆ ಹತ್ತುತ್ತಿತ್ತು. ಯುದ್ಧದ ಕಾಲ, ಅರಿವೆ ಕಣ್ಣಿಗೆ ಬೀಳುವುದೇ ಅಪರೂಪ. ಬೆಣ್ಣೆ ಮಾರಲು ವಿಜಾಪುರದ ಸಂತೆಗೆ ಹೋದಾಗಲೆಲ್ಲ ಏನಾದರೊಂದು ಹಿಡಿದುಕೊಂಡೇ ಬರುತ್ತಿದ್ದಳು. ಸುಗ್ಗಿಯಲ್ಲಿ ಬೀಗತಿಗೆ ಸೀರೆ, ಯುಗಾದಿಗೆ ಅಳಿಯನಿಗೆ ಧೋತರ, ಬೇಸಿಗೆಯಲ್ಲಿ ಮಗಳ ನಾದಿನಿಯರಿಗೆ ಕುಪ್ಪಸದ ಖಣ.

"ಪಂಚಮಿ ಇನ್ನ ಭಾಳ ದೂರ ಐತಲ್ಲ ಬೇ," ಎಂದು ಅರಿವೆ ಅಂಗಡಿಯ ತುಕಾರಾಮ ನಕ್ಕ.

"ಅಲ್ಲೀ ಮಟ ನಿನ್ನ ಅಂಗಡ್ಯಾಗ ಏನರ ಉಳದಿರತೈತೇನೋ? ಸುಮ್ನ ಹರದ ಕೊಡು."

ಇಷ್ಟೆಲ್ಲ ಒದ್ದಾಟ ಒಂದೇ ಕಾರಣಕ್ಕೆ: ಮಗಳು ದುಂಡವ್ವ ಹಬ್ಬಕ್ಕೆ ತವರಿಗೆ ಬರಬೇಕು. ಬಬಲೇಶ್ವರಕ್ಕೆ ಕೊಟ್ಟ ಮೇಲೆ ಎರಡು ಪಂಚಮಿ ಬಂದು ಹೋದರೂ ಬೀಗತಿ ಕಳಿಸಿರಲಿಲ್ಲ. ಮೊದಲ ಸಲ ತಂದ ಸೀರೆ ಅವಳ ಕಣ್ಣಿಗೆ ತೆಳುವಾಯಿತು, ಎರಡನೆಯ ಸಲ ಕೊಬ್ಬರಿ ಬಟ್ಟಲು ಸಣ್ಣವಾದವು. ಆ ಬೀಗತಿಯನ್ನು ಮಲಕವ್ವ ಬಾಯ್ತುಂಬ ಬೈಯುತ್ತಿದ್ದಳು. ಬೈಯುವುದೇನು, ಸುಲಭ.

ಈ ಸಲದ ಪಂಚಮಿ ಹತ್ತಿರ ಬಂದಾಗ ಸೊಸೆ ಲಕ್ಕವ್ವನನ್ನು ಹಬ್ಬಕ್ಕೆ ಕರೆದೊಯ್ಯಲು ಅವಳ ಅಣ್ಣ ಅಮೋಘಿ ಅರಕೇರಿಯಿಂದ ಬಂಡಿ ತಂದ. ಲಕ್ಕವ್ವ ಶೇಂಗಾ ಉಂಡಿ ಕಟ್ಟುತ್ತಿದ್ದವಳು ಆಸೆಯಿಂದ ಅತ್ತೆಯ ಮುಖ ನೋಡಿದಳು.

"ದುಂಡವ್ವ ಬರತಾಳ. ನೀ ಹ್ವಾದರ ಮನ್ಯಾಗ ರೊಟ್ಟಿ ಬಡಿಯಾವ್ರು ಯಾರು? ದೀಪಾವಳಿಗೆ ನೋಡೂಣಂತ," ಎಂದಳು ಮಲಕವ್ವ. ಗಂಟು ಬಂಡಿಗೇರಿಸಿ, ಮಗ ರಾಮಲಿಂಗನಿಗೆ ಎತ್ತು ಹೊಡೆಯಲು ಹೇಳಿ, ಬಬಲೇಶ್ವರದ ದಾರಿ ಹಿಡಿದಳು. ಅಮೋಘಿ ಎತ್ತು ಬಿಚ್ಚಿ ಕಟ್ಟೆಯ ಮೇಲೆ ಕುಳಿತ.

ಬೀಗತಿ ಸೀರೆಯ ಸೆರಗು ಉಜ್ಜಿ ನೋಡಿದಳು, ಖಣಗಳನ್ನು ಬೆಳಕಿಗೆ ಹಿಡಿದಳು. "ಈ ಸಲ ಮನಸ ತುಂಬೂ ಹಂಗ ತಂದೀರಿ ನೋಡ್ರಿ, ಬೀಗರ."

"ಹಂಗಾರ ದುಂಡವ್ವನ್ನ ಕಳಸ್ರಿ."

"ಅಯ್ಯ, ನನ್ನ ಹೆಣ್ಮಕ್ಕಳು ಹಬ್ಬಕ್ಕ ಬರಾಕತ್ತಾರ. ಇಕಿನ್ನ ಕಳಿಸಿದರ ರೊಟ್ಟಿ ಬಡಿಯಾವ್ರು ಯಾರ್ರಿ? ದೀಪಾವಳಿಗೆ ನೋಡೂಣಂತ."

ಮಲಕವ್ವನಿಗೆ ಗುರುತು ಹತ್ತಿತು: ತನ್ನ ಬಾಯಿಂದಲೇ ಹೊರಟ ಮಾತು. ಆದರೂ ಮಾನ ಬಿಟ್ಟು ಬೀಗತಿಯ ಕಾಲು ಹಿಡಿದಳು.

"ಒಂದ ದಿನ ಕಳಸ್ರಿ ಯವ್ವಾ. ಒಂದ ರಾತ್ರಿ ನನ್ನ ಮಗ್ಗಲದಾಗ ಮಲಗಲಿ, ನಾನಽ ತಂದ ಬಿಡತೇನಿ."

ಬೀಗತಿ ಕಾಲು ಹಿಂದಕ್ಕೆಳೆದುಕೊಂಡಳು. ಕೈತುಂಬ ಹಿಟ್ಟು ಮಾಡಿಕೊಂಡಿದ್ದ ದುಂಡವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವ್ವನನ್ನು ಕರೆಯುವ ಧೈರ್ಯವೂ ಅವಳಿಗಿರಲಿಲ್ಲ. ಒಲೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದದ್ದೇ ಒಳಗೆ ಓಡಿದಳು.

ದಾರಿಯುದ್ದಕ್ಕೂ ಮಲಕವ್ವ ಅತ್ತಳು; ದುಂಡವ್ವನ ಜೊತೆ ಲಕ್ಕವ್ವನ ಮುಖವೂ ಕಣ್ಮುಂದೆ ಬರುತ್ತಿತ್ತು. ಮರುದಿನ ಟಿಕೋಟಾ ತಲುಪಿದಾಗ ಅಮೋಘಿ ಬರಿ ಬಂಡಿಗೆ ಎತ್ತು ಹೂಡುತ್ತಿದ್ದ. ಮಲಕವ್ವ ಕಣ್ಣೊರೆಸಿಕೊಂಡು ಸೊಸೆಯನ್ನು ಕೂಗಿದಳು.

"ಲಕ್ಕವ್ವಾ, ನಿನ್ನ ಅರಿವಿ ಗಂಟ ಕಟ್ಟಿಕೋ. ನಿಮ್ಮಣ್ಣನ ಬಂಡಿ ಹತ್ತು."

ಲಕ್ಕವ್ವನ ಮುಖ ಬಿಳಿಚಿತು. ಓಡಿ ಬಂದು ಅತ್ತೆಯ ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

"ನಾ ಏನ ತಪ್ಪ ಮಾಡೇನ್ರಿ ಅತ್ತಿ? ನನ್ನ ಮನಿ ಬಿಡಸಬ್ಯಾಡ್ರಿ."