ದರ್ಜಿಯಮ್ಮನ ಬಾಣಲೆ

ಆ ಬೀದಿಯ ಚೀನೀ ಹೋಟೆಲಿನ ಯಜಮಾನರು ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಆರ್ಡರನ್ನೂ ಬರೆದುಕೊಂಡವರಲ್ಲ. ಹಡಗು ಹತ್ತಿ ಬಂದ ಅವರಪ್ಪ ಹಾಕಿದ ಹೋಟೆಲು ಅದು. ಅಪ್ಪನ ಕಾಲದಲ್ಲಿ ಚೀಟಿ ಇತ್ತು, ಮಗನ ಕೈಗೆ ಬಂದ ವಾರವೇ ಚೀಟಿಗೆ ಮಂಗಳ ಹಾಡಿಯಾಯಿತು. ಹನ್ನೊಂದು ಮೇಜು, ಯಾರಿಗೆ ಖಾರ ಆಗದು, ಯಾರು ಈರುಳ್ಳಿ ಕಂಡರೆ ಮುಖ ಸಿಂಡರಿಸುತ್ತಾರೆ, ಎಲ್ಲವೂ ಅವರ ತಲೆಯೊಳಗೆ. ಹೊಸ ಗಿರಾಕಿ ಯಾರಾದರೂ ಬರೆದುಕೊಳ್ಳಿ ಎಂದರೆ ಹಣೆಗೆ ಬೆರಳು ತಟ್ಟಿ ಒಳಗೆ ಹೋಗಿಬಿಡುತ್ತಿದ್ದರು. ಜಂಬ, ಇನ್ನೇನು! ಆದರೆ ಜಂಬಕ್ಕೆ ತಕ್ಕ ತಲೆಯೂ ಇತ್ತು, ಅದನ್ನೂ ಹೇಳಬೇಕು. ಗಲ್ಲಾದಲ್ಲಿ ಕೂರುವ ಮಗಳು ಈಚೆಗೆ ಒಂದೆರಡು ಸಲ ಬರೆದಿಟ್ಟುಕೊಳ್ಳೋಣ ಎಂದು ರಾಗ ತೆಗೆದದ್ದುಂಟು. ಯಜಮಾನರು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಅಡುಗೆಮನೆಯಲ್ಲಿ, ದೊಡ್ಡ ಒಲೆಯ ಬಲಕ್ಕೆ, ಮೊಳೆಯೊಂದಕ್ಕೆ ಚಿಕ್ಕ ಬಾಣಲೆ ತೂಗುತ್ತಿತ್ತು. ಅದು ದರ್ಜಿಯಮ್ಮನದು. ಮೂರು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಆ ಹೆಂಗಸಿಗೆ ಕಡಲೆಕಾಯಿ ಬೀಜವೆಂದರೆ ವಿಷ. ಅದು ಅವರಿಗೂ ಗೊತ್ತಾದದ್ದು ಹತ್ತೊಂಬತ್ತು ವರ್ಷದ ಹಿಂದೆ, ಇದೇ ಹೋಟೆಲಿನಲ್ಲಿ. ಎರಡು ತುತ್ತು ನೂಡಲ್ಸ್ ತಿಂದವರು ಗಂಟಲು ಹಿಡಿದುಕೊಂಡು ಕುರ್ಚಿಯಿಂದ ಕೆಳಗೆ ಬಿದ್ದಿದ್ದರು. ತುಟಿ ನೀಲಿಗಟ್ಟಿತ್ತು. ಇನ್ನು ಐದು ನಿಮಿಷ ತಡವಾಗಿದ್ದರೆ ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದ ಮಾತನ್ನು ಯಜಮಾನರು ಎಣ್ಣೆ ಮೆತ್ತಿದ ಏಪ್ರನ್ನಿನಲ್ಲೇ ನಿಂತು ಕೇಳಿದ್ದರು. ಮಾರನೆಯ ದಿನವೇ ಹೊಸ ಬಾಣಲೆ ಬಂತು, ಬೇರೆ ಸೌಟು ಬಂತು, ಎಣ್ಣೆಗೆ ಬೇರೆ ಡಬ್ಬಿ ಬಂತು. ಆಮೇಲೆ ಅವರ ಮನೆಗೆ ಹೋಗಿ, ಕೈಮುಗಿದು, ಇನ್ನೊಂದು ಸಲ ನನ್ನ ಕೈಯಡುಗೆ ತಿನ್ನಿ ಎಂದು ಕೇಳಿಕೊಂಡಿದ್ದರು. ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ದರ್ಜಿಯಮ್ಮನ ನೂಡಲ್ಸ್ ಆ ಬಾಣಲೆಯಲ್ಲೇ. ಆಕೆ ನಂಬಿ ತಿನ್ನುವ ಹೊರಗಿನ ಊಟ ನನ್ನದೊಂದೇ ಎಂದು ಯಜಮಾನರು ಕಂಡಕಂಡವರ ಮುಂದೆಲ್ಲ ಬೀಗುತ್ತಿದ್ದರು.

ಆ ಶುಕ್ರವಾರ ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿನ ಬ್ಯಾಂಕ್ ಗುಮಾಸ್ತರು, ಹೇಳಲೋ ಬೇಡವೋ ಎಂಬಂತೆ, ತಮ್ಮ ನೂಡಲ್ಸಿಗೆ ಕಡಲೆಕಾಯಿ ಪುಡಿ ಬಿದ್ದಿಲ್ಲ ಎಂದರು. ಯಜಮಾನರು ಒಂದು ಕೈಯಲ್ಲಿ ಸೌಟು ಹಿಡಿದು ನಗುತ್ತಲೇ ಒಳಗೆ ಹೋಗಿ ಪುಡಿಯ ಬಟ್ಟಲಿಗೆ ಚಮಚ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ಪುಡಿ ಉದುರಿಸಿದ್ದು ಕೈಗೆ ನೆನಪಿತ್ತು. ಆ ಅರ್ಧ ಗಂಟೆಯಲ್ಲಿ ನೂಡಲ್ಸ್ ಮಾಡಿದ್ದು ಎರಡೇ ಸಲ. ಒಂದು ಗುಮಾಸ್ತರದು. ಇನ್ನೊಂದು, ಹತ್ತು ನಿಮಿಷದ ಹಿಂದೆ ದರ್ಜಿಯಮ್ಮನ ಗಂಡ ಬಂದು ಒಯ್ದ ಪಾರ್ಸಲ್.

ತಲೆಯೆತ್ತಿ ಮೊಳೆಯ ಕಡೆ ನೋಡಿದರು. ಚಿಕ್ಕ ಬಾಣಲೆ ತೂಗುತ್ತಿತ್ತು. ಮುಟ್ಟಿದರೆ ತಣ್ಣಗಿತ್ತು, ಒಣಗಿತ್ತು. ಇವತ್ತು ಅದನ್ನು ಇಳಿಸಿಯೇ ಇರಲಿಲ್ಲ.

ಫೋನು ಮಾಡು, ದರ್ಜಿಯಮ್ಮನಿಗೆ ಫೋನು ಮಾಡು ಎಂದು ಕೂಗಿಕೊಂಡೇ ಗಲ್ಲಾ ದಾಟಿದರು. ಮಗಳು ಎದ್ದು ನಿಂತು, "ಅಪ್ಪಾ, ನಿಲ್ಲಿ, ಒಂದು ನಿಮಿಷ ಕೇಳಿ" ಎನ್ನುವಷ್ಟರಲ್ಲಿ ಅವರು ಬೀದಿಯಲ್ಲಿದ್ದರು. ಸೌಟು ಕೈಯಲ್ಲೇ ಇತ್ತು.

ಅರವತ್ತಾರರ ವಯಸ್ಸು, ಎಡ ಮಂಡಿ ವರ್ಷದಿಂದ ಮುಷ್ಕರ ಹೂಡಿತ್ತು. ಆದರೂ ಓಡಿದರು. ಮೊದಲ ತಿರುವಿನಲ್ಲಿ ಕ್ಷೌರದವನು ಏನೋ ತಮಾಷೆ ಮಾಡಿದ, ಕೇಳಿಸಲಿಲ್ಲ. ಎರಡನೆಯ ಬೀದಿಗೆ ಅಡ್ಡಲಾಗಿ ನಿಂತ ಲಾರಿಯಿಂದ ಟೈಲ್ಸ್ ಇಳಿಸುತ್ತಿದ್ದರು. ಗೋಡೆಗೂ ಲಾರಿಗೂ ನಡುವೆ ಹೊಟ್ಟೆ ಎಳೆದುಕೊಂಡು ನುಸುಳಿದರು. ಗಂಡ ನಡೆದುಹೋಗಲು ಐದು ನಿಮಿಷ. ಕೈ ತೊಳೆಯಲು, ತಟ್ಟೆ ಇಡಲು ಎರಡು. ಪಾರ್ಸಲ್ಲಿನ ಗಂಟು ಬಿಚ್ಚಲು ಅರ್ಧ. ಎಷ್ಟು ಸಲ ಲೆಕ್ಕ ಹಾಕಿದರೂ ಸಮಯ ಮೀರಿಹೋಗಿತ್ತು. ಆ ಪಾರ್ಸಲ್ ಕಟ್ಟಿದ್ದನ್ನು ಜ್ಞಾಪಿಸಿಕೊಳ್ಳಲು ನೋಡಿದರು. ಯಾವ ಬಾಣಲೆ ಇಟ್ಟೆ, ಯಾವ ಡಬ್ಬಿಯ ಎಣ್ಣೆ ಸುರಿದೆ? ಒಂದೂ ನೆನಪಿಗೆ ಬರಲಿಲ್ಲ. ಒರೆಸಿದ ಮೇಜಿನ ಹಾಗಿತ್ತು ತಲೆ. ಅವರಿಗೆ ನಿಜವಾಗಿ ಭಯವಾದದ್ದು ಆಗ.

ಹೊಲಿಗೆ ಅಂಗಡಿ ತೆರೆದೇ ಇತ್ತು. ಮಿಷನ್ನಿನ ಸದ್ದಿಲ್ಲ. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಬಿದ್ದಿತ್ತು, ಕುರ್ಚಿ ಖಾಲಿ. ಯಜಮಾನರು ಒಳಗೆ ನುಗ್ಗಿದರು. ಹಿಂದಿನ ಪರದೆ ಸರಿಸಿ, "ತಿನ್ನಬೇಡ" ಎಂದು ಕೂಗಿದರು.

ಒಳಗೆ ಗಂಡಹೆಂಡತಿ ಊಟಕ್ಕೆ ಕೂತಿದ್ದರು. ನೂಡಲ್ಸ್ ಇದ್ದದ್ದು ಗಂಡನ ತಟ್ಟೆಯಲ್ಲಿ, ಆತನ ಬಾಯಿ ತುಂಬಿತ್ತು. ದರ್ಜಿಯಮ್ಮನ ಮುಂದೆ ಮನೆಯ ಅನ್ನ ಸಾರು.

"ನೀನು ತಿಂದೆಯಾ ತಂಗಿ? ಒಂದು ತುತ್ತು?"

"ಇಲ್ಲ ಅಣ್ಣ. ಮೊದಲು ಕೂತ್ಕೊಳ್ಳಿ, ಉಸಿರು ಬಿಡಿ."

"ಅದರಲ್ಲಿ ಕಡಲೆಕಾಯಿ..."

"ಗೊತ್ತು. ನಾನು ಅದನ್ನ ತಿಂದು ನಾಲ್ಕು ತಿಂಗಳಾಯ್ತು."

ನೀರು ಕೊಟ್ಟು, ಸೌಟು ತೆಗೆದಿಟ್ಟು, ಆಕೆ ಎಲ್ಲ ಹೇಳಿದರು. ನಾಲ್ಕು ತಿಂಗಳ ಹಿಂದೆ ಒಂದು ಶುಕ್ರವಾರ ಪಾರ್ಸಲ್ ಬಿಚ್ಚಿದಾಗ ಮೇಲೆಯೇ ಪುಡಿ ಕಂಡಿತ್ತಂತೆ. ಯಾವತ್ತೋ ಒಂದು ದಿನ ಕೈತಪ್ಪಿರಬಹುದು ಎಂದುಕೊಂಡರಂತೆ. ಮರುವಾರ ಸರಿಯಿತ್ತು, ಅದರ ಮರುವಾರ ಮತ್ತೆ ಪುಡಿ. ಅಂದಿನಿಂದ ಆಕೆ ಮುಟ್ಟಿಲ್ಲ.

"ಮತ್ತೆ ವಾರವಾರ ಯಾಕೆ ತರಿಸ್ಕೊಳ್ತಿದ್ದೆ?"

ದರ್ಜಿಯಮ್ಮ ತಟ್ಟೆಯ ಅಂಚು ಸವರುತ್ತ ಕೂತರು. "ನಿಲ್ಲಿಸಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತಲ್ಲ" ಎಂದರು.

ಯಜಮಾನರು ಗಂಡನ ಕಡೆ ತಿರುಗಿ ಹೋದ ವಾರದ್ದು ಹೇಗಿತ್ತು ಎಂದು ಕೇಳಿದರು. ಆತ ಹೆಂಡತಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ. ಹೋದ ವಾರವೂ ಇತ್ತು ಎಂದ.

ಅಷ್ಟು ಹೊತ್ತಿಗೆ ಮಗಳು ಏದುಸಿರು ಬಿಡುತ್ತ ಬಂದು ಪರದೆ ಹಿಡಿದು ನಿಂತಳು. ಏನಾಯಿತು ಎಂದು ಕೇಳಲಿಲ್ಲ. ದರ್ಜಿಯಮ್ಮ ಹುಷಾರಾಗಿದ್ದಾರಾ ಎಂದೂ ಕೇಳಲಿಲ್ಲ. ಅಪ್ಪನ ಮಂಡಿಯ ಕಡೆ ನೋಡಿ ಕಣ್ಣೊರೆಸಿಕೊಂಡಳು. ತನ್ನ ತಲೆ ಕೈಕೊಡುತ್ತಿರುವುದು ಇವಳಿಗೂ ಗೊತ್ತಿತ್ತು ಎಂಬುದು ಯಜಮಾನರಿಗೆ ಹೊಳೆಯಿತು. ಯಾರಾದರೂ ಮುಖಕ್ಕೆ ಉಗಿದಿದ್ದರೆ ತಡೆದುಕೊಳ್ಳುತ್ತಿದ್ದರು. ಇಷ್ಟು ಜನ ಸೇರಿ ತನ್ನನ್ನು ಕಾಪಾಡಿಕೊಂಡು ಬಂದದ್ದನ್ನು ತಡೆದುಕೊಳ್ಳುವುದು ಅವರಿಂದಾಗಲಿಲ್ಲ. ನಾಚಿಕೆಯಿಂದ ಮೈ ಸುಟ್ಟುಹೋಯಿತು, ಅದೇ ಹೊತ್ತಿಗೆ ಆಕೆ ಬದುಕಿದ್ದಾಳಲ್ಲ ಎಂದು ಅಳುವೂ ಬಂತು.

ಗೋಡೆ ಹಿಡಿದು ಎದ್ದರು.

"ಮುಂದಿನ ಶುಕ್ರವಾರದಿಂದ ತರಿಸ್ಕೋಬೇಡ ತಂಗಿ" ಎಂದರು. "ನಾನು ಕೊಟ್ರೂ ತಗೋಬೇಡ."

ದರ್ಜಿಯಮ್ಮ ಆಗಲಿ ಅಣ್ಣ ಎಂದರು. ಮಗಳು ಬಂದು ತೋಳು ಹಿಡಿದಳು, ಯಜಮಾನರು ಹಿಡಿಯಗೊಟ್ಟರು.