ಕಂಟ್ರೋಲರ್ ಹಾಕಿದ ಪಟ್ಟಿ

ಕಂಟ್ರೋಲರ್ ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯಲ್ಲಿ ಇದ್ದದ್ದು ಕನ್ನಡಕ. ಕೋಪ ಮೈತುಂಬ ಇತ್ತು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟ್ ಬರೆದವರು ಅವರು. ಯಾವ ಬಸ್ಸು ಎಷ್ಟು ಗಂಟೆಗೆ ಗೇಟು ದಾಟಬೇಕು, ಯಾವ ಡ್ರೈವರ್ ಯಾವಾಗ ಇಳಿಯಬೇಕು, ಎಲ್ಲ ಅವರ ಪೆನ್ಸಿಲ್ಲಿನಿಂದಲೇ ಆಗಬೇಕು. ಹೊರಡುವ ಹೊತ್ತು ಬರೆಯದೆ ಯಾರಾದರೂ ಚಾರ್ಟು ತಂದರೆ ಅದನ್ನು ತಂದವರ ಮುಖಕ್ಕೇ ಎಸೆಯುತ್ತಿದ್ದರು. "ಹೊರಡೋ ಹೊತ್ತಿಲ್ಲದ್ದು ಚಾರ್ಟಲ್ಲ ಕಣಯ್ಯಾ, ಬೋಂಡ ಕಟ್ಟೋ ಕಾಗದ!"

ನಿವೃತ್ತಿಯಾದ ಎರಡನೇ ವರ್ಷ ಎರಡೂ ಕಿಡ್ನಿ ಕೈಕೊಟ್ಟವು. "ಇಬ್ಬರೂ ಒಟ್ಟಿಗೆ ರಜಾ ಹಾಕಿದ್ರೆ ಡ್ಯೂಟಿ ಯಾರು ಮಾಡ್ತಾರ್ರೀ?" ಎಂದು ಡಾಕ್ಟರನ್ನೇ ದಬಾಯಿಸಿದರು, ಡಾಕ್ಟರೇ ರಜಾ ಮಂಜೂರು ಮಾಡಿದವರ ಹಾಗೆ. ಅಂದಿನಿಂದ ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಏಳರಿಂದ ಹನ್ನೊಂದರ ತನಕ ಡಯಾಲಿಸಿಸ್. ಎಡಗೈಗೆ ಎರಡು ಸೂಜಿ. ಒಂದು ನಳಿಕೆಯಲ್ಲಿ ರಕ್ತ ಹೊರಗೆ ಹೋಗುತ್ತದೆ, ಪಕ್ಕದ ಯಂತ್ರ ಅದನ್ನು ತೊಳೆಯುತ್ತದೆ, ಇನ್ನೊಂದರಲ್ಲಿ ಒಳಗೆ ಬರುತ್ತದೆ. ಕೈ ಅಲ್ಲಾಡಿಸುವ ಹಾಗಿಲ್ಲ. ಅಂಥ ಆರು ಕುರ್ಚಿ, ಆರು ಯಂತ್ರ, ಗೋಡೆಯ ಮೇಲೆ ಒಂದು ಟಿವಿ.

ಆ ಟಿವಿಯಲ್ಲಿ ಏನು ಬರುತ್ತಿತ್ತು ಗೊತ್ತೇ? ಅಡುಗೆ ಕಾರ್ಯಕ್ರಮ! ಉಪ್ಪು ಮುಟ್ಟಬೇಡಿ, ಹಣ್ಣು ಮುಟ್ಟಬೇಡಿ, ನೀರನ್ನೂ ಅಳೆದು ಕುಡಿಯಿರಿ ಎಂದು ಹೇಳಿಸಿಕೊಂಡ ಆರು ಜನರ ಎದುರಿಗೆ ದಿನಾ ಕರಿಯುವುದು, ಹುರಿಯುವುದು. ಗಾಯದ ಮೇಲೆ ಉಪ್ಪು ಸವರುವುದು ಎಂದರೆ ಇದೇ. ಆರು ವಾರ ಸಹಿಸಿಕೊಂಡ ಸಾಹೇಬರು ಏಳನೇ ವಾರ ಗುಡುಗಿದರು. "ಸಿಸ್ಟರ್, ಅದನ್ನ ಆರಿಸ್ತೀರೋ, ಇಲ್ಲ ನಾನು ಈ ನಳಿಕೆ ಕಿತ್ತುಕೊಂಡು ಎದ್ದು ಬರಲೋ?"

"ಅದರ ಬದಲು ಏನು ಹಾಕಲಿ, ನೀವೇ ಹೇಳಿ," ಎಂದಳು ಸಿಸ್ಟರ್. ಅವಳೂ ಸೋಲುವವಳಲ್ಲ.

"ಸಿಡಿಲಾಳು ಹಾಕಿ," ಎಂದುಬಿಟ್ಟರು. ಆ ಹೆಸರು ಹೇಗೆ ಬಾಯಿಗೆ ಬಂತೋ ಅವರಿಗೇ ತಿಳಿಯಲಿಲ್ಲ. ಮಿಂಚನ್ನು ಮೈಯೊಳಗೆ ಹಿಡಿದಿಟ್ಟುಕೊಂಡು ಊರು ಕಾಯುವ ವೀರನ ಸಿನಿಮಾ ಸರಣಿ ಅದು. ಇಪ್ಪತ್ತು ವರ್ಷದಿಂದ ಒಂದಾದ ಮೇಲೊಂದು ಬರುತ್ತಲೇ ಇತ್ತು. ಸಾಹೇಬರು ಅದರಲ್ಲಿ ನೋಡಿದ್ದು ಮೊದಲನೆಯದು ಮಾತ್ರ, ಅದೂ ಟಾಕೀಸಿನಲ್ಲಿ, ಒಂಬತ್ತು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು.

ಸಿಸ್ಟರ್ ಪೆನ್‌ಡ್ರೈವ್ ತಂದಳು. ಜೊತೆಗೆ ನೆಟ್ಟಿನಿಂದ ನೋಡುವ ಕ್ರಮದ ಒಂದು ಪಟ್ಟಿಯನ್ನೂ ಇಳಿಸಿಕೊಂಡು ಬಂದಳು. ಅದರಲ್ಲಿ ಆರನೇ ಸಿನಿಮಾ ಮೊದಲಿಗಿತ್ತು. ಕಥೆಯಲ್ಲಿ ಸಿಡಿಲಾಳಿನ ಬಾಲ್ಯ ಬರುವುದು ಅದರಲ್ಲೇ ಅಂತೆ. ಮೊದಲು ಬಂದ ಸಿನಿಮಾ ನಾಲ್ಕನೇ ಸಾಲಿಗೆ ಹೋಗಿತ್ತು. ಸಾಹೇಬರ ಪಿತ್ತ ನೆತ್ತಿಗೇರಿತು.

"ಯಾವ ತಲೆಕೆಟ್ಟವನು ಮಾಡಿದ್ದು ಇದನ್ನ? ತೆಗೆದವರು ಯಾವುದನ್ನ ಮೊದಲು ತೆಗೆದ್ರೋ ಅದೇ ಮೊದಲು. ಡಿಪೋ ಬಿಟ್ಟ ಕ್ರಮದಲ್ಲೇ ಬಸ್ಸು ಹೋಗಬೇಕು!"

ತೂಕ ಬರೆಯುವ ಹಾಳೆಯ ಹಿಂದೆ ಅವರೇ ಗೆರೆ ಹೊಡೆದು ಪಟ್ಟಿ ಹಾಕಿದರು. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಪೆನ್ಸಿಲ್. ಹನ್ನೊಂದು ಸಿನಿಮಾ. ನಾಲ್ಕು ಗಂಟೆಯಲ್ಲಿ ಒಂದೂವರೆ. ಅರ್ಧ ಉಳಿದದ್ದು ಮುಂದಿನ ಸಲ. ಎರಡನೇ ತಾರೀಕು ಮಂಗಳವಾರ ಶುರು, ಎಂಟನೇ ಸಲಕ್ಕೆ, ಅಂದರೆ ಹದಿನೆಂಟಕ್ಕೆ ಮುಕ್ತಾಯ. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಲೆಕ್ಕದ ಮೇಡಂ ಪಟ್ಟಿ ನೋಡಿ, "ಲೆಕ್ಕ ಸರಿಯಾಗಿದೆ," ಎಂದರು. ನಲವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು ಅವರು. ಸುಮ್ಮಸುಮ್ಮನೆ ಯಾರಿಗೂ ಸರಿ ಹಾಕುವವರಲ್ಲ.

ಇನ್ನು ಈ ಕೋಪದ ಬುಡಕ್ಕೆ ಬರೋಣ. ಸಾಹೇಬರ ಮಗಳು ಲಿಫ್ಟ್ ಮೆಕ್ಯಾನಿಕ್. ಹತ್ತು ಮಹಡಿಯ ಬಾವಿಯಂಥ ಕತ್ತಲಲ್ಲಿ ಬೆಲ್ಟು ಕಟ್ಟಿಕೊಂಡು ಇಳಿದು ತಂತಿಹಗ್ಗಕ್ಕೆ ಗ್ರೀಸು ಹಚ್ಚುವವಳು. ಹೆಂಡತಿಗೆ ಸಕ್ಕರೆ ಕಾಯಿಲೆ, ಕಸಿಗೆ ಅವರ ಕಿಡ್ನಿ ಬರುವುದಿಲ್ಲ ಎಂದಿದ್ದರು ಡಾಕ್ಟರು. ಮಗಳದು ಹೊಂದುತ್ತದೆ ಎಂದರು. ಅವಳು ಅಂದೇ ಒಪ್ಪಿಗೆ ಫಾರಂಗೆ ಸಹಿ ಹಾಕಿದಳು. ಸಾಹೇಬರು ಹಾಕಲಿಲ್ಲ. ಮಗಳ ಹೊಟ್ಟೆ ಕೊಯ್ಸಿ ತಾನು ಬದುಕುವುದೇ? ನಾಳೆ ಅವಳು ಆ ಬಾವಿಯಲ್ಲಿ ನೇತಾಡುವಾಗ ಏನಾದರೂ ಆದರೆ? ಭಯವಾಗುತ್ತಿತ್ತು. ಆದರೆ ಭಯ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬೈದೇ ಅಭ್ಯಾಸ.

ಡಾಕ್ಟರು ಬಿಡಿಸಿ ಹೇಳಿದ್ದರು. "ನಿಮ್ಮ ಹೃದಯ ಸುಸ್ತಾಗ್ತಿದೆ. ನಾನು ಆಪರೇಷನ್ ಮಾಡೋದು ಸೋಮವಾರಗಳಲ್ಲಿ. ಈ ತಿಂಗಳ ಕೊನೇ ಸೋಮವಾರ ಇಪ್ಪತ್ತೊಂಬತ್ತು. ಅದು ದಾಟಿದ್ರೆ ನಿಮ್ಮನ್ನ ಟೇಬಲ್ ಮೇಲೆ ಮಲಗಿಸೋ ಧೈರ್ಯ ನನಗಿಲ್ಲ."

ಮಗಳು ಕೇಳಿದಾಗ ಸಾಹೇಬರು ಹೇಳಿದ್ದು ಒಂದೇ ಮಾತು. "ಆಸ್ಪತ್ರೇಲಿ ಒಂದು ಕೆಲಸ ಹಿಡಿದಿದ್ದೀನಿ. ಮುಗೀಲಿ, ಆಮೇಲೆ ನೋಡೋಣ." ಏನು ಕೆಲಸ ಎಂದು ಬಾಯಿ ಬಿಡಲಿಲ್ಲ. ಅವಳು ಅಪ್ಪನನ್ನು ಕರೆತಂದು ಕೆಳಗಡೆ ವ್ಯಾನಿನಲ್ಲೇ ಕಾಯುತ್ತಿದ್ದವಳು. ಒಳಗೆ ಬೇರೆಯವರನ್ನು ಬಿಡುತ್ತಿರಲಿಲ್ಲ.

ಆ ಕೆಲಸವೋ, ಹನುಮಂತನ ಬಾಲದ ಹಾಗೆ ಬೆಳೆಯಿತು. ಹನ್ನೊಂದಿದ್ದದ್ದು ಹದಿಮೂರಾಯಿತು. ಸಿಡಿಲಾಳಿನ ತಂಗಿಯದೇ ಎರಡು ಸಿನಿಮಾ ಇವೆ, ಅವನ್ನು ಬಿಟ್ಟರೆ ಕಥೆ ಅರ್ಥವಾಗುವುದಿಲ್ಲ ಎಂದರು ಸಾಹೇಬರು. ಆಮೇಲೆ ಅವನ ವೈರಿಯ ಕಥೆ. ಆಮೇಲೆ ವೈರಿಯ ಗುರುವಿನ ಕಥೆ. ಒಂಬತ್ತನೇ ಸಲ ಬರುವ ಹೊತ್ತಿಗೆ ಇಪ್ಪತ್ತೊಂದಾಗಿತ್ತು.

ಅಂದು ಇಪ್ಪತ್ತನೇ ತಾರೀಕು, ಶನಿವಾರ. ಟಿವಿಯಲ್ಲಿ ಸಿಡಿಲಾಳು ಯಾರನ್ನೋ ಗೋಡೆಗೆ ಎಸೆಯುತ್ತಿದ್ದ. ಲೆಕ್ಕದ ಮೇಡಂ ಟಿವಿ ನೋಡುತ್ತಿರಲಿಲ್ಲ. ಪಟ್ಟಿ ನೋಡುತ್ತಿದ್ದರು.

"ಕಂಟ್ರೋಲರ್ರೇ, ಒಂದು ಲೆಕ್ಕ ಕೇಳ್ತೀನಿ. ಹನ್ನೊಂದಿದ್ದಾಗ ಹದಿನೆಂಟಕ್ಕೆ ಮುಗೀತಿತ್ತು. ಈಗ ಇಪ್ಪತ್ತೊಂದು. ಯಾವತ್ತು ಮುಗಿಯುತ್ತೆ?"

"ಮುಗಿದಾಗ ಮುಗಿಯುತ್ತೆ."

"ಮುಂದಿನ ತಿಂಗಳು ಎರಡನೇ ತಾರೀಕು. ನಿಮ್ಮ ಡಾಕ್ಟರ ಸೋಮವಾರ ಯಾವತ್ತು? ಇಪ್ಪತ್ತೊಂಬತ್ತು. ಡಾಕ್ಟರು ರೌಂಡ್ಸಿಗೆ ಬಂದು ತಾರೀಕು ಕೇಳಿದಾಗೆಲ್ಲ ನಿಮ್ಮ ಪಟ್ಟಿ ಉದ್ದ ಆಗುತ್ತೆ. ನಾನೇನು ಕಣ್ಣು ಮುಚ್ಚಿಕೊಂಡು ಕೂತಿದ್ದೀನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸಾಮಾನ್ಯರು. ಸಾಹೇಬರು ಕುಂಬಳಕಾಯಿಯನ್ನೇ ಎತ್ತಿ ಎಸೆಯುವ ಜಾತಿ. "ನಿಮಗ್ಯಾಕ್ರೀ ಊರ ಉಸಾಬರಿ? ನನ್ನ ಮಗಳು, ನನ್ನ ಹೊಟ್ಟೆ! ನಿಮ್ಮ ಪಾಡಿಗೆ ನೀವು ಸಿನಿಮಾ ನೋಡಿ!"

"ನನ್ನ ಪಾಡಾ? ನನ್ನ ಪಾಡು ಹೇಳ್ತೀನಿ ಕೇಳಿ." ಮೇಡಂ ದನಿ ಎತ್ತಲಿಲ್ಲ. "ನನಗೆ ಕೊಡೋರು ಯಾರೂ ಇಲ್ಲ. ಇದ್ರೂ ಈ ವಯಸ್ಸಿಗೆ ಹಾಕಲ್ಲ ಅಂದಿದ್ದಾರೆ. ನಿಮಗೆ ಕೊಡೋಳು ಕೆಳಗೆ ವ್ಯಾನಲ್ಲಿ ಕೂತಿದ್ದಾಳೆ. ದಿನಾ ಕಾಯ್ತಾಳೆ. ಥೂ ನಿಮ್ಮ! ನೋಡಿದ್ರೆ ಮೈ ಉರಿಯುತ್ತೆ ನನಗೆ."

ಸಾಹೇಬರು ಏಳಹೋದರು. ಯಂತ್ರ ಕೂಗಿಕೊಂಡಿತು. ಸಿಸ್ಟರ್ ಓಡಿ ಬಂದು ಅವರ ಹೆಗಲು ಒತ್ತಿ ಕೂರಿಸಿದಳು. ಬಿ.ಪಿ. ಸರ್ರನೆ ಕೆಳಗಿಳಿದಿತ್ತು. ಅವಳು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಕಾಲು ಮೇಲೆ ಮಾಡಿದಳು, ನಳಿಕೆ ಸರಿಪಡಿಸಿದಳು, ಬಿ.ಪಿ. ತಹಬಂದಿಗೆ ಬಂದ ಮೇಲೆ ಫೋನು ತೆಗೆದು, "ಸ್ವಲ್ಪ ಮೇಲೆ ಬನ್ನಿ, ನಿಮ್ಮ ಅಪ್ಪನ್ನ ನೀವೇ ಸಮಾಧಾನ ಮಾಡಿ, ನನ್ನ ಕೈಲಾಗಲ್ಲ," ಎಂದಳು.

ಮಗಳು ಎರಡೆರಡು ಮೆಟ್ಟಿಲು ಹತ್ತಿ ಬಂದಳು. ಕೆಲಸದ ನೀಲಿ ಬಟ್ಟೆ, ಉಗುರಿನ ಸಂದಿಯಲ್ಲಿ ಗ್ರೀಸು. ಅಪ್ಪನ ಮುಖ ನೋಡಿದಳು, ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟಳು. ಆಮೇಲೆ ಟಿವಿ ನೋಡಿದಳು. ಆಮೇಲೆ ಅಪ್ಪನ ತೊಡೆಯ ಮೇಲಿದ್ದ ಪಟ್ಟಿ ಎತ್ತಿಕೊಂಡಳು.

"ಇದಾ ನಿನ್ನ ಕೆಲಸ?"

ಸಾಹೇಬರು ಬಲಗೈ ಚಾಚಿ ಪಟ್ಟಿ ಕಸಿಯಹೋದರು, ಅವಳು ಬಿಡಲಿಲ್ಲ.

"ಎರಡನೇದು ಯಾವಾಗ ನೋಡಿದೆ?"

ಇದೆಂಥ ಪ್ರಶ್ನೆ ಎಂದು ಅವರಿಗೆ ಹೊಳೆಯಲಿಲ್ಲ. "ಮೊದಲ ದಿನ ಅರ್ಧ, ಗುರುವಾರ ಇನ್ನರ್ಧ. ಯಾಕೆ?"

ಅವಳ ಮುಖ ಕೆಂಪಾಯಿತು. ಕೋಪದಲ್ಲಿ ಅಪ್ಪನ ಮಗಳೇ ಅವಳು, ಅಷ್ಟು ದಿನ ಬಚ್ಚಿಟ್ಟಿದ್ದಳು ಅಷ್ಟೇ.

"ಯಾಕೆ ಅಂತ ಕೇಳ್ತೀಯಲ್ಲಪ್ಪಾ! ಮೊದಲನೇದು ನೋಡಿ ಬಂದ ದಿನ ಏನು ಹೇಳಿದ್ದೆ? ಎರಡನೇದೂ ನಿನ್ನ ಕರ್ಕೊಂಡು ಹೋಗ್ತೀನಿ ಪುಟ್ಟಿ, ಯಾರ ಜೊತೇಲೂ ಹೋಗಬೇಡ ಅಂದಿದ್ದೆ. ಎರಡನೇದು ಬಂತು, ಚಾರ್ಟು ಬರೀಬೇಕು ಅಂದೆ. ಮೂರನೇದು ಬಂತು, ಡಿಪೋಲಿ ಜನ ಇಲ್ಲ ಅಂದೆ. ಅಮ್ಮ ಕರ್ಕೊಂಡು ಹೋಗ್ತೀನಿ ಅಂದ್ರೆ ನಾನು ಹೋಗಲಿಲ್ಲ. ಸ್ನೇಹಿತರು ಕರೆದ್ರೂ ಹೋಗಲಿಲ್ಲ. ಇಪ್ಪತ್ತು ವರ್ಷ! ಇವತ್ತಿನವರೆಗೂ ನಾನು ಎರಡನೇದು ನೋಡಿಲ್ಲ. ನೀನಿಲ್ಲಿ ಯಾರ್ಯಾರ ಜೊತೇಲೋ ಕೂತು ನೋಡ್ತಿದ್ದೀಯಾ?"

ಸಿಸ್ಟರ್ ತಾನಾಗಿಯೇ ಟಿವಿ ಆರಿಸಿದಳು.

"ಕಿಡ್ನಿ ಬೇಡ ಅಂದಾಗಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ," ಎಂದಳು ಮಗಳು. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಅವರ ಎದೆಯ ಮೇಲೆ ಎಸೆದಳು. "ತಗೋ. ನಾನೂ ಒಂದು ಚಾರ್ಟು ಹಾಕಿದ್ದೆ. ಇದನ್ನೂ ಬೋಂಡ ಕಟ್ಟೋಕೆ ಕೊಡು." ಬಾಗಿಲು ದಡಾರನೆ ಹಾಕಿಕೊಂಡು ಹೋದಳು.

ಹನ್ನೊಂದಕ್ಕೆ ಸಿಸ್ಟರ್ ಸೂಜಿ ತೆಗೆದು ಹತ್ತಿ ಒತ್ತಿ ಬ್ಯಾಂಡೇಜು ಕಟ್ಟಿದಳು. ಸಾಹೇಬರು ಕಾಗದ ಬಿಡಿಸಿದರು. ಲಿಫ್ಟಿನ ತಪಾಸಣೆಯ ಹಾಳೆಯ ಹಿಂದೆ ಗೆರೆ ಹೊಡೆದು ಬರೆದಿದ್ದಳು. ಆಪರೇಷನ್ ಆದ ಮೇಲೆ ಮೊದಲ ನಾಲ್ಕು ದಿನ: ಅಪ್ಪ ಬೇರೆ ಕೋಣೆ, ಸೋಂಕು ತಗಲಬಾರದು, ನಾನು ವಾರ್ಡು, ಫೋನಿನಲ್ಲಿ ಒಂದು, ಎರಡು, ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಸಿನಿಮಾದ ಬಟನ್ ಒತ್ತುವುದು, ದಿನಕ್ಕೆ ಒಂದೇ, ನಕ್ಕರೆ ಹೊಲಿಗೆ ನೋಯುತ್ತದೆ. ಐದನೇ ದಿನದಿಂದ: ನಾನು ಮನೆ, ಅಪ್ಪ ಕೋಣೆ, ಫೋನು. ಅಪ್ಪ ಮನೆಗೆ ಬಂದ ಮೇಲೆ: ಮುಖಕ್ಕೆ ಮಾಸ್ಕು ಹಾಕಿಕೊಂಡು ಒಂದೇ ಕೋಣೆ, ದೊಡ್ಡ ಟಿವಿ, ಅಮ್ಮನಿಗೂ ಕುರ್ಚಿ. ನನ್ನ ರಜಾ ಎರಡು ತಿಂಗಳು, ಮಂಜೂರಾಗಿದೆ. ಆಮೇಲೆ ಮೂರು ತಿಂಗಳು ನೆಲದ ಮೇಲಿನ ಕೆಲಸ, ಬಾವಿಗೆ ಇಳಿಯುವಂತಿಲ್ಲ, ಕಂಪನಿಯವರನ್ನು ಒಪ್ಪಿಸಿದ್ದೇನೆ.

ಅದರ ಕೆಳಗೆ ಸಿನಿಮಾಗಳು. ಓದುತ್ತಾ ಓದುತ್ತಾ ಸಾಹೇಬರ ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, ಮೈಯೆಲ್ಲ ಉರಿದುಹೋಯಿತು.

"ಆರನೇದನ್ನ ಮೊದಲು ಹಾಕಿದ್ದಾಳೆ! ಇವಳೂ ನೆಟ್ಟಿಂದ ಇಳಿಸಿದ್ದಾಳೆ, ಕತ್ತೆ! ಮೂವತ್ತೊಂದು ವರ್ಷ ಚಾರ್ಟು ಬರೆದವನ ಮಗಳು! ಪೆನ್ಸಿಲ್ ಕೊಡ್ರೀ ಯಾರಾದ್ರೂ!"

ಮೇಡಂ ಕೊಟ್ಟರು. ಸಾಹೇಬರು ಬೈಯುತ್ತಲೇ ಗೆರೆ ಹೊಡೆದರು. ಆರನೆಯದನ್ನು ಆರಕ್ಕೆ ಇಳಿಸಿದರು. ವೈರಿಯ ಗುರುವನ್ನು ಹೊಡೆದುಹಾಕಿದರು. ಎರಡನೆಯದನ್ನು ಎಲ್ಲಕ್ಕಿಂತ ಮೇಲೆ ಬರೆದರು. ಆಮೇಲೆ ಹಾಳೆಯ ತಲೆಯ ಮೇಲೆ ಅವರ ಪೆನ್ಸಿಲ್ ನಿಂತಿತು. ಅಲ್ಲಿ 'ಆಪರೇಷನ್ ತಾರೀಕು' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

ಹೊರಡುವ ಹೊತ್ತಿಲ್ಲದ ಚಾರ್ಟು. ಸಾಹೇಬರು ಅದನ್ನು ಬಹಳ ಹೊತ್ತು ನೋಡಿದರು. ಹಲ್ಲು ಕಚ್ಚಿಕೊಂಡು, ಕಾಗದ ಹರಿಯುವಷ್ಟು ಒತ್ತಿ, ಇಪ್ಪತ್ತೊಂಬತ್ತು ಎಂದು ಬರೆದರು.

"ಸಿಸ್ಟರ್! ಡಾಕ್ಟರ ಆ ಫಾರಂ ಎಲ್ಲಿ? ಬೇಗ ತನ್ನಿ, ಕೆಳಗೆ ಮಗು ಕಾಯ್ತಿದೆ!"

ಮಂಗಳವಾರ ಬೆಳಗ್ಗೆ ಏಳಕ್ಕೆ ಸಾಹೇಬರು ಬಂದರು. ಇಪ್ಪತ್ತೊಂದು ಸಿನಿಮಾದ ಹಳೇ ಪಟ್ಟಿಯನ್ನು ಮೇಡಂ ಕೈಗೆ ಕೊಟ್ಟು, "ಉಳಿದದ್ದು ನೀವು ನೋಡಿ. ಕೊನೇಲಿ ಏನಾಯ್ತು ಅಂತ ನನ್ನ ಹತ್ರ ಬಾಯಿ ಬಿಟ್ರೆ ನೋಡಿ ಮತ್ತೆ!" ಎಂದರು. ಮೇಡಂ ಪಟ್ಟಿಯನ್ನು ಜೋಪಾನವಾಗಿ ಮಡಿಸಿಟ್ಟುಕೊಂಡರು.

ಸೂಜಿ ಚುಚ್ಚಿಸಿಕೊಂಡ ಮೇಲೆ ಸಾಹೇಬರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡರು, ಬಲಗೈಯಿಂದ ಮುಖದ ಮೇಲೆ ಟವೆಲು ಎಳೆದುಕೊಂಡರು. ಟಿವಿ ಶುರುವಾಯಿತು. ಎರಡು ನಿಮಿಷವೂ ಆಗಿರಲಿಲ್ಲ, ಟವೆಲಿನ ಒಳಗಿನಿಂದ ಗುಡುಗಿದರು.

"ಸೌಂಡು ಕಮ್ಮಿ ಮಾಡ್ರೀ! ನನ್ನ ಮಗಳು ಇನ್ನೂ ಎರಡನೇದೇ ನೋಡಿಲ್ಲ!"