ಚೀಟಿ ನನಗೆ ಬಂತು, ನೋವು ಅವರಿಗೆ ಉಳಿಯಿತು

ನೀವೇ ಹೇಳಿ, ನಾನು ಮಾಡಿದ್ದು ಅಂಥಾ ತಪ್ಪೇ? ನಮ್ಮ ಮನೆಯವರಿಗೆ ಬೆಳಿಗ್ಗೆಯಿಂದ ಮೂತ್ರ ಕಟ್ಟಿದೆ, ಹೊಟ್ಟೆ ಕಲ್ಲಾಗಿದೆ. ಹುನಗುಂದದಿಂದ ಗಾಡಿ ಮಾಡಿಕೊಂಡು ಬಾಗಲಕೋಟೆಯ ದವಾಖಾನೆಗೆ ಬಂದೆವು. ಪೈಪು ಹಾಕಿ ಮೂತ್ರ ತೆಗೆದರೆ ಮುಗಿಯಿತು. ಆದರೆ ಕೊರೊನಾ ಇಲ್ಲವೆಂಬ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲವಂತೆ.

ಪರೀಕ್ಷೆಯ ಸಾಲಿನಲ್ಲಿ ಬರೆದುಕೊಳ್ಳುವ ಹುಡುಗಿ, “ಹೆಸರು ಹೇಳ್ರಿ” ಎಂದಳು. ನೋವಿಗೆ ಅವರ ಬಾಯಿಂದ ಮಾತೇ ಹೊರಡಲಿಲ್ಲ. ಐವತ್ತು ವರ್ಷದ ಸಂಸಾರದಲ್ಲಿ ನಾನು ಗಂಡನ ಹೆಸರು ಹಿಡಿದು ಕರೆದವಳಲ್ಲ. “ನಾ ನೀಲವ್ವ, ಇವ್ರು ನಮ್ಮನಿಯವ್ರು, ಬರ್ಕೋ” ಎಂದೆ. ಕಡ್ಡಿ ಅವರ ಮೂಗಿಗೆ ಹೋಯಿತು, ಚೀಟಿ ನನ್ನ ಹೆಸರಿಗೆ ಬಂತು: ನೀಲವ್ವ, ಹೆಣ್ಣು, ಕೊರೊನಾ ಇಲ್ಲ.

ಗೇಟಿನವನು ಓದಿ, “ಯಮ್ಮಾ, ನೀವು ಒಳಗ ಹೋಗ್ರಿ. ಅಜ್ಜಾರು ಹೊರಗ ಇರ್ಲಿ” ಎಂದ.

“ನಾ ಹೋಗಿ ಏನ್ ಮಾಡ್ಲೋ? ಅವ್ರ ಉಚ್ಚಿ ನಾ ಹೊಯ್ಲೇನು?”

“ಹಂಗಾರ ಅವ್ರ ಹೆಸರಿನ ಚೀಟಿ ತರ್ರಿ.”

ಮತ್ತೆ ಆ ಹುಡುಗಿಯ ಮುಂದೆ ನಿಂತು, ನಾಚಿಕೆ ಬಿಟ್ಟು, “ಬೀರಪ್ಪ!” ಎಂದು ಕೂಗಿದೆ. ಅಷ್ಟು ನೋವಿನಲ್ಲೂ ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಹುಡುಗಿ, “ಕಿಟ್ ಖಾಲಿ ಆಗ್ಯಾವ್ರಿ ಯಮ್ಮಾ, ಮಧ್ಯಾಹ್ನದ ಮ್ಯಾಲೆ ಬರ್ತಾವ” ಎಂದಳು. ಮೂತ್ರದ ಡಾಕ್ಟರನ್ನಾದರೂ ಹೊರಗೆ ಕರೆಯಿರಿ ಎಂದರೆ, ಆ ಡಾಕ್ಟರನ್ನು ಕೊರೊನಾ ವಾರ್ಡಿನ ಕೆಲಸಕ್ಕೆ ಹಾಕಿದ್ದಾರಂತೆ.

ಗೇಟಿನ ಹೊರಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇವರು ನನ್ನ ಕೈ ಹಿಸುಕುತ್ತ ನರಳುತ್ತಿದ್ದಾರೆ. ಇವರಿಗೆ ಇಲ್ಲದ ರೋಗ ಇಲ್ಲವೆಂದು ದವಾಖಾನೆಗೆ ಗೊತ್ತಾಗುವ ತನಕ ಜೀವ ಹಿಡಿದುಕೊಂಡಿದ್ದರೆ ಸಾಕು.